ಕ್ಯಾಸಿಯರ್ ಹೆದ್ದಾರಿಯಲ್ಲಿ ನಾಲ್ಕು ಕಲ್ಲು

ವೈಟ್‌ಹಾರ್ಸ್

ಕತ್ತಲೆಯೇ ಸರಿಯಾಗಿ ಆಗದ ಊರಿಗೆ ಹೋದರೆ ನಿದ್ದೆ ಕೆಡುತ್ತದೆ ಎಂದು ಬೆಳಗಾವಿಯಲ್ಲಿ ಎಲ್ಲರೂ ಹೆದರಿಸಿದ್ದರು. ನಮ್ಮ ನಿದ್ದೆಗೆ ಏನೂ ಆಗಲಿಲ್ಲ. ಆಟೋ ನಗರದಲ್ಲಿ ಮೂವತ್ತು ವರ್ಷ ಲಾರಿಗಳ ಅಡಿಯಲ್ಲಿ ಅಂಗಾತ ಮಲಗಿ ದುಡಿದವರಿಗೆ ಬೆಳಕೇನು, ಸದ್ದೇನು! ಕೆಟ್ಟದ್ದು ಊಟದ ಹೊತ್ತು. ಹೊರಗೆ ಬಿಸಿಲಿರುವಾಗ ರಾತ್ರಿ ಊಟಕ್ಕೆ ಕೂರಲು ನಾಮದೇವನಿಗೆ ಮನಸ್ಸೇ ಒಪ್ಪುತ್ತಿರಲಿಲ್ಲ. "ಹೊತ್ತು ಮುಣಗಲಿ, ಆಮ್ಯಾಲೆ ಉಂಡರಾತು" ಎಂದು ಕಿಟಕಿಯ ಹತ್ತಿರ ಕುಳಿತು ಕಾಯುತ್ತಿದ್ದ. ಹೊತ್ತು ಮುಳುಗುವಷ್ಟರಲ್ಲಿ ಅವನ ಹಸಿವೇ ಮುಳುಗಿರುತ್ತಿತ್ತು. ಮೂರನೆಯ ದಿನ ನನ್ನ ತಂಗಿ ಶಬಾನಾ ಪರದೆ ಎಳೆದು ದೀಪ ಹಾಕಿ, "ನಾಮದೇವಣ್ಣ, ಈಗ ರಾತ್ರಿ ಆತು, ಬರ್ರಿ, ಕುಂದರ್ರಿ" ಎಂದು ತಾಟು ಇಟ್ಟಳು. ಅವನು ಬಂದು ಕುಳಿತ. ನಮಾಜಿನ ವಿಷಯದಲ್ಲಿ ನಾನೂ ಹೀಗೇ ಆಕಾಶ ನೋಡುತ್ತ ಕೂತಿದ್ದೆ. ದಕ್ಷಿಣದ ಒಂದು ಊರಿನ ವೇಳೆ ಹಿಡಿದು ಇಲ್ಲಿಯ ಮಂದಿ ನಮಾಜು ಓದುತ್ತಾರೆಂದು ಅವಳೇ ಹೇಳಿ ನನ್ನನ್ನೂ ದಾರಿಗೆ ತಂದಳು.

ಶಬಾನಾ ಕೆನಡಾದ ಉತ್ತರಕ್ಕಿರುವ ಈ ವೈಟ್‌ಹಾರ್ಸ್ ಊರಿನ ಆಸ್ಪತ್ರೆಯಲ್ಲಿ ನರ್ಸ್. ಬಾ ಬಾ ಎಂದು ವರ್ಷಗಟ್ಟಲೆ ಕರೆದಿದ್ದಳು. ಒಬ್ಬನೇ ವಿಮಾನ ಹತ್ತುವುದಿಲ್ಲ ಎಂದು ನಾನು ಹಟ ಹಿಡಿದೆ. ಕೊನೆಗೆ ನನ್ನ ಜೊತೆ ಬಂದವನು ನಾಮದೇವ. ಅವನೂ ನಾನೂ ಸೇರಿ ಲಾರಿಗಳ ಬ್ರೇಕ್ ಕೆಲಸದ ವರ್ಕ್‌ಶಾಪ್ ಇಟ್ಟುಕೊಂಡಿದ್ದೇವೆ. ಬೆಳಗಾವಿಯ ಅಂಚಿನ ಪೀರನವಾಡಿಯಲ್ಲಿ ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ. ಅವನ ಮನೆಮಾತು ಮರಾಠಿ, ನಮ್ಮ ಮನೆಯಲ್ಲಿ ದಖ್ಖನಿ. ಆದರೆ ನಾವಿಬ್ಬರೂ ಮಾತಾಡುವುದು, ಜಗಳಾಡುವುದು, ಗಿರಾಕಿಗೆ ಸುಳ್ಳು ಹೇಳುವುದು ಎಲ್ಲ ಕನ್ನಡದಲ್ಲಿ. ನಾನು ಕನ್ನಡ ಸಾಲಿಯಲ್ಲಿ ಕಲಿತವನು, ಬರೆಯುವ ಚಟವೂ ಇದೆ. ಅದಕ್ಕೇ ಈ ಕಥನ ನನ್ನ ಪಾಲಿಗೆ ಬಂತು.

ನಾಮದೇವ ಬರಿಗೈಯಲ್ಲಿ ಬಂದಿರಲಿಲ್ಲ. ಅವನ ಚೀಲದಲ್ಲಿ ಮಡಚಿದ ಒಂದು ಕಾಗದವಿತ್ತು. ಅವನ ಹುಟ್ಟೂರು ಕರಂಜವಾಡಿ, ಖಾನಾಪುರದ ಕಾಡಿನೊಳಗಿನ ಹದಿನೇಳು ಮನೆಯ ಊರು. ಹಳ್ಳ ತುಂಬಿದರೆ ಅಲ್ಲಿಂದ ಯಾರೂ ಹೊರಗೆ ಬರುವ ಹಾಗಿಲ್ಲ, ಹೊರಗಿನವರು ಒಳಗೆ ಹೋಗುವ ಹಾಗಿಲ್ಲ. ನಿಮಗೆ ಒಪ್ಪಿಗೆಯಿದ್ದರೆ ಕಾಡು ಬಿಟ್ಟು ಹೊರಗೆ ಬನ್ನಿ ಎಂದು ಸರಕಾರದವರು ಕೇಳಿದ್ದರು. ಎರಡು ದಾರಿ ಇದ್ದವು. ಪ್ರತಿ ಮನೆಯವರೂ ತಮ್ಮ ಪರಿಹಾರ ತೆಗೆದುಕೊಂಡು ತಮಗೆ ಬೇಕಾದಲ್ಲಿಗೆ ಹೋಗುವುದು ಒಂದು. ಹದಿನೇಳೂ ಮನೆಯವರು ಕೂಡಿ ರಸ್ತೆ ಬದಿಯ ಒಂದೇ ಜಾಗಕ್ಕೆ ಹೋಗಿ ಮನೆ ಕಟ್ಟಿಕೊಳ್ಳುವುದು ಇನ್ನೊಂದು. ಊರು ಎರಡು ಪಾಲಾಗಿ ಕುಳಿತಿತ್ತು. ಕೊನೆಗೆ ನಾಮದೇವನ ಅಣ್ಣ ಪರಶುರಾಮ, "ನೀ ಊರು ಬಿಟ್ಟು ಹೊರಗ ಬದುಕಿದಾವ. ನೀ ಏನಂತಿ ಅದ ಆಗಲಿ" ಎಂದು ಎಲ್ಲರ ಪರವಾಗಿ ತಮ್ಮನ ಹೆಗಲಿಗೆ ಹಾಕಿದ್ದ. ಸೋಮವಾರ ಊರಿನ ಸಭೆ. ಅದಕ್ಕೆ ಮೊದಲು ಫೋನು ಮಾಡಿ ಹೇಳಬೇಕು.

"ಇದರಾಗ ಹೇಳೂದ ಏನೈತಿ? ಅವರವರ ಪಾಡು ಅವರವರಿಗೆ. ತಮ್ಮ ಪಾಲು ತಗೊಂಡು ಹೋಗ್ಲಿ" ಎಂದು ನಾಮದೇವ ವಿಮಾನದಲ್ಲೇ ತೀರ್ಮಾನ ಕೊಟ್ಟಿದ್ದ. ಆದರೆ ಫೋನು ಮಾತ್ರ ಮಾಡಿರಲಿಲ್ಲ. ಅಷ್ಟರಲ್ಲಿ ಶಬಾನಾ, ದಕ್ಷಿಣಕ್ಕೆ ಎರಡು ದಿನದ ದಾರಿಯಲ್ಲಿ ಕ್ಯಾಸಿಯರ್ ಎಂಬ ಗಣಿ ಊರು ಇತ್ತು, ಗಣಿ ಮುಚ್ಚಿದ ಮೇಲೆ ಊರಿಗೂರೇ ಎದ್ದು ಹೋಯಿತು ಎಂದು ಮಾತಿಗೆ ಹೇಳಿದಳು. ನಾಮದೇವ ಚಮಚ ಕೆಳಗಿಟ್ಟು, "ಭಾಯಿ, ಅದನ್ನ ನೋಡೂಣು" ಎಂದ. ನೋಡಲು ಬೇರೆ ಎಷ್ಟೋ ಇದ್ದವು, ಹಿಮನದಿ, ಸರೋವರ, ಬಿಸಿನೀರಿನ ಊಟೆ. ಇವನಿಗೆ ಹಾಳೂರೇ ಬೇಕಾಯಿತು.

ತಂಗಿಗೆ ರಜೆ ಇರಲಿಲ್ಲ. ತನ್ನ ಕಾರು ಕೊಟ್ಟು ಮೂರು ಮಾತು ಹೇಳಿದಳು: ಪೆಟ್ರೋಲು ಕಂಡಲ್ಲಿ ತುಂಬಿಸು, ಹಾರ್ನ್ ಮುಟ್ಟಬೇಡ, ರಸ್ತೆಯಲ್ಲಿ ಯಾರ ಗಾಡಿ ನಿಂತಿದ್ದರೂ ನಿಲ್ಲಿಸಿ ಏನಾಯಿತು ಎಂದು ಕೇಳು. "ದಾರಿ ತಪ್ಪಿದರ?" ಎಂದೆ. "ಇರೂದ ಒಂದ ದಾರಿ, ಭಾಯ್‌ಜಾನ್. ತಪ್ಪಬೇಕಂದ್ರೂ ಆಗೂದಿಲ್ಲ" ಎಂದಳು.

ವಾಟ್ಸನ್ ಲೇಕ್

ಮೊದಲ ದಿನ ಇಡೀ ಉತ್ತರ ಕೆನಡಾಕ್ಕೆ ನಾನು ವೈಪರ್ ತೋರಿಸಿಕೊಂಡು ಹೋದೆ. ನಮ್ಮ ಕಾರಿನಲ್ಲಿ ಇಂಡಿಕೇಟರ್ ಇರುವ ಕಡೆ ಇಲ್ಲಿ ವೈಪರ್ ಇದೆ. ಒಂದು ಮೋಡವೂ ಇಲ್ಲದ ಬಿಸಿಲಿನಲ್ಲಿ, ಪ್ರತಿ ತಿರುವಿಗೂ ನಮ್ಮ ಗಾಜು ತೊಳೆದುಕೊಳ್ಳುತ್ತಿತ್ತು.

ಮಧ್ಯಾಹ್ನ ಎದುರಿಗೆ ಬಂದ ದೊಡ್ಡ ಲಾರಿಯವನು ಹೆಡ್‌ಲೈಟ್ ಎರಡು ಸಲ ಹೊಡೆದ. ನಮ್ಮ ಕಡೆ ಅದರ ಅರ್ಥ ಮಕ್ಕಳಿಗೂ ಗೊತ್ತು: ನಾನು ಬರುತ್ತಿದ್ದೇನೆ, ನೀನು ಬದಿಗೆ ಸರಿ.

"ಇಷ್ಟು ಅಗಲ ರಸ್ತಾ ಐತಿ, ಅವಂಗ ಸಾಲವಲ್ದೇನ?" ಎಂದು ನಾಮದೇವನಿಗೆ ಸಿಟ್ಟು ಬಂತು. "ಹೊಡಿ, ನೀನೂ ಹೊಡಿ."

ನಾನೂ ಹೊಡೆದೆ. ಆ ಲಾರಿಯ ಹಿಂದೆ ಬಂದ ಕಾರಿನವನೂ ಹೊಡೆದ. ಅವನಿಗೂ ಮರಳಿ ಹೊಡೆದೆ. ಈ ದೇಶದಲ್ಲಿ ನಮ್ಮ ಮುಖ ನೋಡಿದರೇ ಎಲ್ಲರಿಗೂ ಅವಸರ ಯಾಕೆ ಎಂದು ಮಾತಾಡುತ್ತ ತಿರುವು ದಾಟಿದರೆ, ನಡುರಸ್ತೆಯಲ್ಲಿ ಒಂದು ಮೂಸ್ ನಿಂತಿತ್ತು. ಎಮ್ಮೆಗೆ ಒಂಟೆಯ ಕಾಲು ಜೋಡಿಸಿದಂಥ ಪ್ರಾಣಿ. ಬ್ರೇಕ್ ತುಳಿದ ರಭಸಕ್ಕೆ ಚೂಡಾದ ಡಬ್ಬಿ ಹಾರಿ, ಚುರಮುರಿಯೆಲ್ಲ ನನ್ನ ತಲೆಯ ಮೇಲೆ. ಮೂಸ್ ನಮ್ಮನ್ನು ನಿಧಾನವಾಗಿ ನೋಡಿ, ತನ್ನ ದಾರಿ ಹಿಡಿಯಿತು. ಮುಂದೆ ಪ್ರಾಣಿ ಇದೆ, ಹುಷಾರು ಎಂದು ಆ ಇಬ್ಬರು ಪುಣ್ಯಾತ್ಮರು ಹೇಳಿದ್ದು ಆಗ ತಿಳಿಯಿತು. ನಾವು ಅವರಿಗೆ ಏನು ಹೇಳಿ ಕಳಿಸಿದ್ದೆವೋ ಆ ದೇವರೇ ಬಲ್ಲ.

"ಬ್ರೇಕ್ ಚಲೋ ಅದಾವು" ಎಂದ ನಾಮದೇವ, ಚುರಮುರಿ ಆರಿಸುತ್ತ.

ವಾಟ್ಸನ್ ಲೇಕ್‌ನಲ್ಲಿ ಬೋರ್ಡುಗಳದೇ ಒಂದು ಕಾಡಿದೆ. ಬಂದವರೆಲ್ಲ ತಮ್ಮ ಊರಿನ ಹೆಸರಿನ ಹಲಗೆ ತಂದು ಕಂಬಗಳಿಗೆ ಮೊಳೆ ಹೊಡೆದು ಹೋಗುತ್ತಾರೆ. ನಾವೂ ಒಂದು ಹಲಗೆ, ಬಣ್ಣ ಕೊಂಡೆವು. ಕೊಂಡ ಮೇಲೆ ತೊಡಕು ಹುಟ್ಟಿತು. ನಾನು ಕನ್ನಡದಲ್ಲಿ ಬರೆಯೋಣ ಎಂದೆ. ಅವನು ಮರಾಠಿಯಲ್ಲಿ ಎಂದ. ಕನ್ನಡ ಮೇಲೆ, ಮರಾಠಿ ಕೆಳಗೆ ಎಂದೆ. ಹಾಗಾದರೆ ಅಕ್ಷರ ಎಷ್ಟು ದಪ್ಪ ಎಂದ. ಬೋರ್ಡಿನ ಜಗಳ ನಮ್ಮ ಊರಿಗೆ ಹೊಸದಲ್ಲ, ಆದರೆ ಅದನ್ನು ಇಷ್ಟು ದೂರ ಹೊತ್ತು ತಂದವರು ನಾವೇ ಮೊದಲಿರಬೇಕು. ಅರ್ಧ ಗಂಟೆಯಲ್ಲಿ ಅಲ್ಲಿನ ಸೊಳ್ಳೆಗಳು ಇಬ್ಬರನ್ನೂ ಭೇದವಿಲ್ಲದೆ ಕಚ್ಚಿ ರಾಜಿ ಮಾಡಿಸಿದವು. ಹಲಗೆಯ ಮೇಲೆ 'ಕೆಎ ೨೨' ಎಂದು ನಮ್ಮ ಜಿಲ್ಲೆಯ ಗಾಡಿ ನಂಬರು ಬರೆದೆವು. ಅದರ ಮೇಲೆ ಇಬ್ಬರಿಗೂ ತಕರಾರಿರಲಿಲ್ಲ.

ಮೂವತ್ತೇಳನೇ ಹೆದ್ದಾರಿ

ಮರುದಿನ ದಕ್ಷಿಣಕ್ಕೆ ಹೊರಳಿ, ಕ್ಯಾಸಿಯರ್ ಹೆದ್ದಾರಿ ಎಂದೂ ಕರೆಯುವ ಮೂವತ್ತೇಳನೇ ಹೆದ್ದಾರಿ ಹಿಡಿದೆವು. ಹೆಸರಿಗೆ ಹೆದ್ದಾರಿ. ನಡುವೆ ಬಿಳಿ ಗೆರೆಯೂ ಇಲ್ಲದ ಕಡೆ ಇದೆ. ಎರಡೂ ಬದಿಗೆ ಸಣಕಲು ದೇವದಾರು ಮರ, ಮಧ್ಯೆ ಮಧ್ಯೆ ಗಾಜಿನ ಬಣ್ಣದ ಕೆರೆ. ಗಂಟೆಗೆ ಒಂದು ಗಾಡಿ ಕಂಡರೆ ಹೆಚ್ಚು. ಕಂಡವನು ಸ್ಟಿಯರಿಂಗಿನ ಮೇಲಿಂದ ಎರಡು ಬೆರಳು ಎತ್ತಿ ನಮಸ್ಕಾರ ಹೇಳುತ್ತಾನೆ. ನಾವು ಬೆಳಗಾವಿಯ ಗೋಗಟೆ ಸರ್ಕಲ್ಲಿನಲ್ಲಿ ಹೀಗೆ ಎಲ್ಲರಿಗೂ ಬೆರಳು ಎತ್ತುತ್ತ ಹೋದರೆ ಸಂಜೆಗೆ ಕೈ ಬಿದ್ದುಹೋದೀತು. ನಾಮದೇವ ಮಾತ್ರ ಎರಡು ಬೆರಳು ಸಾಲದೆಂದು ಕಿಟಕಿಯಿಂದ ಪೂರ್ತಿ ಕೈ ಹಾಕಿ ಬೀಸುತ್ತಿದ್ದ.

ಹನ್ನೊಂದರ ಸುಮಾರಿಗೆ ಹಿಂದಿನ ಟಾಯರ್ ಪಂಕ್ಚರ್ ಆಯಿತು. ಒಂದು ದಿಬ್ಬ ಇಳಿದ ಕೂಡಲೇ, ತಿರುವಿನ ಆಚೆ. ಬದಿಯಲ್ಲಿ ಜಾಗ ಕಡಿಮೆ, ಅರ್ಧ ಗಾಡಿ ರಸ್ತೆಯ ಮೇಲೆಯೇ ನಿಂತಿತು. ಗಾಬರಿಯೇನೂ ಆಗಲಿಲ್ಲ. ಖರೇ ಹೇಳಬೇಕೆಂದರೆ ಖುಷಿಯಾಯಿತು. ಒಂದು ವಾರದಿಂದ ಕೈಗೆ ಗ್ರೀಸು ಹತ್ತಿರಲಿಲ್ಲ. ನಾನು ಜಾಕ್ ಹಚ್ಚಿದೆ. ನಾಮದೇವ ಹೇಳಿಸಿಕೊಳ್ಳದೆಯೇ ಹಿಂದೆ ನಡೆದುಹೋಗಿ, ರಸ್ತೆಯ ಮೇಲೆ ಅಡ್ಡಕ್ಕೆ ನಾಲ್ಕು ದಪ್ಪ ಕಲ್ಲು ಇಟ್ಟು, ಅವುಗಳ ನಡುವೆ ದೇವದಾರಿನ ಹಸಿರು ಕೊಂಬೆಗಳ ತಪ್ಪಲು ಮುರಿದು ಹಾಕಿ ಬಂದ.

ನಮ್ಮಲ್ಲಿ ಗಾಡಿ ಕೆಟ್ಟು ನಿಂತರೆ ಹಿಂದೆ ಕಲ್ಲು ಮತ್ತು ತಪ್ಪಲು ಹಾಕುವುದು ಕಾನೂನಿನಲ್ಲಿ ಇಲ್ಲ, ಆದರೆ ಕಾನೂನಿಗಿಂತ ಗಟ್ಟಿ. ಹಸಿರು ತಪ್ಪಲು ಕಂಡ ಕೂಡಲೇ ಯಾವ ಡ್ರೈವರನಾದರೂ ವೇಗ ಇಳಿಸುತ್ತಾನೆ. ಇಲ್ಲೂ ಹಾಗೇ ಆಯಿತು. ಎರಡು ಗಾಡಿಯವರು ನಿಧಾನ ಮಾಡಿ, ನಿಲ್ಲಿಸಿ, ಸಹಾಯ ಬೇಕೇ ಎಂದು ಕೇಳಿದರು. ನಾವು ಎದೆಯುಬ್ಬಿಸಿ, ಬೇಡ ಎಂದೆವು. ಮೊದಲನೆಯವನು ಕುಡಿಯಲು ನೀರು ಕೊಟ್ಟ, ಎರಡನೆಯವನು ನೆಲದ ಮೇಲಿನ ತಪ್ಪಲನ್ನೂ ನಮ್ಮನ್ನೂ ಎರಡೆರಡು ಸಲ ನೋಡಿ ಹೋದ. ಹತ್ತು ನಿಮಿಷದಲ್ಲಿ ಸ್ಟೆಪ್ನಿ ಹಾಕಿ, ಕೈ ಒರೆಸಿಕೊಂಡು, ಹಾಡು ಗುನುಗುತ್ತ ಹೊರಟೆವು.

ಕಾಲು ಗಂಟೆ ಹೋಗಿರಬೇಕು. ಕನ್ನಡಿಯಲ್ಲಿ ಒಂದು ಕೆಂಪು ಪಿಕಪ್ ಕಾಣಿಸಿತು. ಲೈಟ್ ಹೊಡೆಯುತ್ತ ಬರುತ್ತಿತ್ತು. ನಿನ್ನೆಯ ಪಾಠ ನೆನಪಿತ್ತು, ಮುಂದೆ ಪ್ರಾಣಿ ಇರಬೇಕೆಂದು ವೇಗ ಇಳಿಸಿದೆ. ಪ್ರಾಣಿ ಇರಲಿಲ್ಲ. ದಾರಿ ಬೇಕೇನೋ ಎಂದು ಕೈ ಹೊರಗೆ ಹಾಕಿ ಮುಂದೆ ಹೋಗು ಎಂದು ಬೀಸಿದೆ. ಹೋಗಲಿಲ್ಲ. ಈಗ ಹಾರ್ನ್ ಕೂಡ ಶುರುವಾಯಿತು. ಈ ದೇಶಕ್ಕೆ ಬಂದ ಮೇಲೆ ನಾವು ಕೇಳಿದ ಮೊದಲ ಹಾರ್ನ್.

"ಭಾಯಿ, ಇದು ಬರೋಬ್ಬರಿ ಅನಸವಲ್ದು. ತುಳಿ!" ಎಂದ ನಾಮದೇವ.

ನಾನು ತುಳಿದೆ. ಪಿಕಪ್ ಕೂಡ ತುಳಿಯಿತು. ತಂಗಿಯ ಸಣ್ಣ ಕಾರು ಎಷ್ಟು ಓಡೀತು? ಮುಂದೊಂದು ಕೆರೆಯ ಬದಿಯ ಬಯಲು ಬಂದಾಗ ಬೇರೆ ದಾರಿ ಕಾಣದೆ ನಿಲ್ಲಿಸಿದೆ. ಪಿಕಪ್ಪಿನಿಂದ ಇಳಿದವಳು ಎಪ್ಪತ್ತು ದಾಟಿದ ಒಬ್ಬ ಸಣ್ಣ ಹೆಂಗಸು. ನೆಟ್ಟಗೆ ನನ್ನ ಕಿಟಕಿಗೆ ಬಂದಳು. ಎರಡೂ ಕೈಯಲ್ಲಿ ಒಂದು ದಪ್ಪ ಕಲ್ಲು ಹಿಡಿದಿದ್ದಳು.

"ಇದು ನಿಮ್ಮದೇ?" ಎಂದು ಕೇಳಿದಳು.

ನಮ್ಮದೇ. ಹಾಕಿದ್ದು ನೆನಪಿತ್ತು, ತೆಗೆಯುವುದು ನೆನಪಿರಲಿಲ್ಲ. ಇನ್ನೂ ಖರೇ ಹೇಳಬೇಕೆಂದರೆ, ತೆಗೆಯಬೇಕು ಎಂಬುದೇ ನಮ್ಮ ತಲೆಯಲ್ಲಿ ಇರಲಿಲ್ಲ. ಚೋರ್ಲಾ ಘಟ್ಟದಿಂದ ಹುಬ್ಬಳ್ಳಿಯ ತನಕ ರಸ್ತೆಯ ಮೇಲೆ ಬಿದ್ದಿರುವ ಅನಾಥ ಕಲ್ಲುಗಳೆಲ್ಲ ಹೀಗೆಯೇ ಯಾರೋ ಹಾಕಿ ಬಿಟ್ಟು ಹೋದವು. ಆ ಹೆಂಗಸು ಕೂಗಾಡಲಿಲ್ಲ. ಈ ದಾರಿಯಲ್ಲಿ ಬೇಸಿಗೆಗೆ ಮೋಟಾರ್‌ಸೈಕಲ್ಲಿನವರು ಬರುತ್ತಾರೆ, ತಿರುವು ದಾಟಿ ಇಳಿಜಾರಿನಲ್ಲಿ ಈ ಕಲ್ಲು ಸಿಕ್ಕಿದ್ದರೆ ಒಬ್ಬನ ತಲೆ ಒಡೆಯುತ್ತಿತ್ತು ಎಂದಳು. ಉಳಿದ ಮೂರನ್ನು ರಸ್ತೆಯ ಬದಿಗೆ ಸರಿಸಿ ಬಂದಿದ್ದಳು. "ತಪ್ಪಲು ಅಲ್ಲೇ ಬಿದ್ದಿದೆ. ಅದನ್ನು ನೀವೇ ತೆಗೆಯಿರಿ."

ನನಗೆ ಮುಖ ಎತ್ತಲಾಗಲಿಲ್ಲ. ಬ್ರೇಕ್ ಕೆಲಸ ಮಾಡಿ ಹೊಟ್ಟೆ ಹೊರೆದವನು ನಾನು, ಒಬ್ಬನ ಜೀವಕ್ಕೆ ಕಲ್ಲು ಇಟ್ಟು ಹಾಡು ಹೇಳುತ್ತ ಬಂದಿದ್ದೆ. ಬಂದ ದಾರಿಯಲ್ಲೇ ಮರಳಿದೆವು. ಅವಳೂ ಹಿಂದೆಯೇ ಬಂದಳು, ನಂಬಿಕೆ ಇರಲಿಲ್ಲವೋ ಏನೋ. ನಾಮದೇವ ರಸ್ತೆಯ ಮೇಲಿನ ಒಂದೊಂದು ಎಲೆಯನ್ನೂ ಆರಿಸಿದ. ಸರಿಸಿಟ್ಟ ಕಲ್ಲುಗಳನ್ನು ಎತ್ತಿ ಕಾಡಿನೊಳಗೆ, ಮೊದಲು ಇದ್ದ ಗುಳಿಗಳಲ್ಲೇ ಇಟ್ಟು ಬಂದ. ಅದನ್ನು ನೋಡಿ ಅವಳ ಮುಖ ಸ್ವಲ್ಪ ಸಡಿಲವಾಯಿತು.

"ನಿಮ್ಮ ದೇಶದಲ್ಲಿ ಇದು ಎಚ್ಚರಿಕೆಯ ಗುರುತೇ?"

"ಹೌದು."

"ಒಳ್ಳೆಯ ಗುರುತು. ಹಸಿರು ಕಂಡ ಕೂಡಲೇ ನಾನು ನಿಧಾನ ಮಾಡಿದೆ. ಆದರೆ ಹೋಗುವಾಗ ಯಾಕೆ ತೆಗೆಯುವುದಿಲ್ಲ?"

ನಾನು ಅದನ್ನು ನಾಮದೇವನಿಗೆ ಕನ್ನಡದಲ್ಲಿ ಹೇಳಿದೆ. ಅವನ ಇಂಗ್ಲಿಷು ನನ್ನದಕ್ಕಿಂತಲೂ ಬಡಕಲು. ಅವನು ಯೋಚನೆ ಮಾಡಿ, "ಮುಂದ ಬರಾವ್ನ ಗಾಡಿನೂ ಕೆಡಬಹುದಲ್ಲ, ಅಂವಗ ಬೇಕಾಗ್ತಾವು ಅಂತ ಹೇಳು" ಎಂದ. ನಾನು ಹಾಗೇ ಹೇಳಿದೆ. ಅವಳು ಪಿಕಪ್ಪಿಗೆ ಆತುಕೊಂಡು ನಗತೊಡಗಿದಳು. ಅವಳ ಹೆಸರು ಡೋರೀನ್. ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳಿದಳು. ಕ್ಯಾಸಿಯರ್ ಎಂದೆ.

"ಅಲ್ಲಿ ಏನಿದೆ ಅಂತ ಹೋಗುತ್ತೀರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, "ನನ್ನ ಹಿಂದೆ ಬನ್ನಿ. ಅದು ನನ್ನ ಊರು" ಎಂದಳು.

ಕ್ಯಾಸಿಯರ್

ಹೆದ್ದಾರಿ ಬಿಟ್ಟು ಕಣಿವೆಯೊಳಗೆ ಒಂದು ಕಚ್ಚಾ ದಾರಿ. ಹಾಳೂರು ಎಂದರೆ ನನ್ನ ಕಣ್ಣಿಗೆ ಬರುವುದು ಮುರಿದ ಗೋಡೆ, ಬಾಗಿಲಿಲ್ಲದ ಚೌಕಟ್ಟು, ಒಳಗೆ ಬೆಳೆದ ಎಕ್ಕೆ ಗಿಡ. ಇಲ್ಲಿ ಅದೂ ಇರಲಿಲ್ಲ. ದೂರದಲ್ಲಿ ಬೆಟ್ಟದಂಥ ಒಂದು ಬೂದು ಹಸಿರು ರಾಶಿ, ಒಂದೆರಡು ಕಟ್ಟಡ, ಮಿಕ್ಕಿದ್ದೆಲ್ಲ ಎಳೆ ಮರಗಳು. ಆ ಮರಗಳು ಮಾತ್ರ ಕಾಡಿನಲ್ಲಿ ಬೆಳೆದಂತೆ ಬೆಳೆದಿರಲಿಲ್ಲ. ಬೀದಿ ಇದ್ದ ಕಡೆ ಬೀದಿಯಾಗಿಯೇ ಬೆಳೆದಿದ್ದವು.

ಡೋರೀನ್ ನಮ್ಮನ್ನು ಒಂದು ಗಡಿಯ ತನಕ ಕರೆದುಕೊಂಡು ಹೋಗಿ, ಆಚೆಗೆ ಹೋಗಬಾರದು ಎಂದಳು. ಆ ರಾಶಿ ಗಣಿಯ ಕಸ. ಇಲ್ಲಿ ತೆಗೆಯುತ್ತಿದ್ದುದು ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಆ ಹೆಸರು ಕೇಳಿ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಹಳೆಯ ಬ್ರೇಕ್ ಲೈನರಿನಲ್ಲಿ ಇರುತ್ತಿದ್ದುದು ಅದೇ. ನಾವು ಕೆಲಸ ಕಲಿತ ಕಾಲಕ್ಕೆ ಡ್ರಮ್ಮು ಬಿಚ್ಚಿ, ಒಳಗಿನ ಪುಡಿಯನ್ನು ಬಾಯಿಂದ ಉಫ್ ಎಂದು ಊದುತ್ತಿದ್ದೆವು. ನಮ್ಮ ಉಸ್ತಾದರು ಕೆಮ್ಮುತ್ತಲೇ ಮುದುಕರಾದರು. ಈ ಗುಡ್ಡದ ಪುಡಿಯೇ ಆಟೋ ನಗರಕ್ಕೆ ಬಂದಿತ್ತು ಎಂದು ಹೇಳಲು ನನ್ನ ಹತ್ತಿರ ಏನೂ ಆಧಾರವಿಲ್ಲ. ಆದರೂ ಸ್ವಲ್ಪ ಹೊತ್ತು ಇಬ್ಬರೂ ಉಸಿರು ಸಣ್ಣಗೆ ಬಿಟ್ಟೆವು.

ಈಗ ಡೋರೀನ್ ಹೆದ್ದಾರಿಯ ಹತ್ತಿರ ಒಬ್ಬಳೇ ಇದ್ದಾಳೆ. ಊರಿನವರ ಪೈಕಿ ಈ ಕಡೆ ಉಳಿದವಳು ಅವಳೊಬ್ಬಳೇ ಎಂದು ಕೇಳಿ ನಾಮದೇವ, "ಹಾಳೂರಿಗೆ ಉಳದಾವನ ಗೌಡ ಅಂತಾರಲ್ಲ, ಈಕೀನ ಇಲ್ಲಿ ಗೌಡತಿ" ಎಂದ. ಅದನ್ನು ಇಂಗ್ಲಿಷಿಗೆ ತಿರುಗಿಸುವುದಕ್ಕೆ ನನಗೆ ಸಾಕುಸಾಕಾಯಿತು. ಕೊನೆಗೆ ಮೇಯರ್ ಎಂದೆ. ಅವಳಿಗೆ ಬಹಳ ಹಿಡಿಸಿತು. "ಹಾಗಾದರೆ ಮೇಯರ್ ಊರು ತೋರಿಸುತ್ತಾರೆ, ಬನ್ನಿ" ಎಂದು ನಡೆದಳು.

ಅವಳು ಈ ಊರಿನ ಸಾಲಿಯ ಬಸ್ಸಿನ ಡ್ರೈವರ್ ಆಗಿದ್ದಳು. ಹಾಗಾಗಿ ಅವಳು ತೋರಿಸಿದ ಊರು ಸ್ಟಾಪುಗಳ ಊರು. ಒಂದು ಪೊದೆಯ ಹತ್ತಿರ ನಿಂತು, ಇಲ್ಲಿ ಮೂವರು ಹತ್ತುತ್ತಿದ್ದರು ಎಂದಳು. ಇನ್ನೊಂದು ಕಡೆ, ಇಲ್ಲಿ ಒಬ್ಬಳು, ಯಾವಾಗಲೂ ತಡ, ಒಂದೇ ಬೂಟು ಹಾಕಿಕೊಂಡು ಓಡಿ ಬರುತ್ತಿದ್ದಳು. ಮುಂದಿನ ಸ್ಟಾಪಿನಲ್ಲಿ ನಾಯಿಯೊಂದು ಬಸ್ಸು ಹತ್ತುತ್ತಿತ್ತಂತೆ, ಅದನ್ನು ಇಳಿಸುವುದರಲ್ಲಿ ದಿನವೂ ಎರಡು ನಿಮಿಷ ಹೋಗುತ್ತಿತ್ತಂತೆ. ನಾಮದೇವ ಅವಳು ತೋರಿಸಿದಲ್ಲೆಲ್ಲ ಹೋಗಿ ನಿಂತು ನೋಡುತ್ತಿದ್ದ. ನಾನು ಅನುವಾದ ಮಾಡುವುದನ್ನು ಮರೆತರೂ ಅವನಿಗೆ ತಿಳಿಯುತ್ತಿತ್ತು.

"ಮನಿಗೋಳು ಎಲ್ಲಿ ಹೋದವು ಅಂತ ಕೇಳು."

ಮನೆಗಳನ್ನು ಮಾರಿದರು ಎಂದಳು. ಮರದ ಮನೆಗಳಲ್ಲವೇ, ಕೆಲವನ್ನು ಇದ್ದಂತೆಯೇ ಎತ್ತಿ ದೊಡ್ಡ ಟ್ರೇಲರುಗಳ ಮೇಲೆ ಇಟ್ಟು ಸಾಗಿಸಿದರು. ಅವಳ ಮನೆ ದಕ್ಷಿಣದ ಯಾವುದೋ ಊರಿನಲ್ಲಿದೆ. ಒಮ್ಮೆ ಹೋಗಿ ನೋಡಿ ಬಂದಿದ್ದಾಳೆ. ಹಳದಿ ಬಣ್ಣ ಹೊಡೆದಿದ್ದಾರೆ. ಒಳ್ಳೆಯ ಜನ, ಒಳಗೆ ಕರೆದು ಕಾಫಿ ಕೊಟ್ಟರು. ಅವಳದೇ ಅಡುಗೆಮನೆಯಲ್ಲಿ ಕೂತು, ಸಕ್ಕರೆ ಎಲ್ಲಿದೆ ಎಂದು ಅವರನ್ನು ಕೇಳಬೇಕಾಯಿತು.

ನಾಮದೇವ ಒಂದು ಎಳೆ ಮರವನ್ನು ಮುಟ್ಟಿ ನೋಡಿದ. ಆಮೇಲೆ ನನ್ನ ತೋಳು ಹಿಡಿದು, "ಭಾಯಿ, ಇದನ್ನ ಬರೋಬ್ಬರಿ ಕೇಳು. ಮನಿ ಹೋದದ್ದು ಹೆಚ್ಚು ತ್ರಾಸಾತೋ, ಮಂದಿ ಹೋದದ್ದೋ?" ಎಂದ.

ಪರಿಚಯವಾಗಿ ಎರಡು ಗಂಟೆಯಾಗದ ಹೆಂಗಸಿಗೆ ಕೇಳುವ ಪ್ರಶ್ನೆಯೇ ಅದು? ನನಗೆ ಸಂಕೋಚವಾಯಿತು. ಆದರೆ ಅವನ ಹಿಡಿತ ಬಿಗಿಯಾಗಿತ್ತು. ಕರಂಜವಾಡಿಯ ವಿಷಯ, ಹದಿನೇಳು ಮನೆ, ಎರಡು ದಾರಿ, ಸೋಮವಾರದ ಸಭೆ, ಎಲ್ಲವನ್ನೂ ನನಗೆ ಬಂದ ಹರಕು ಇಂಗ್ಲಿಷಿನಲ್ಲಿ ಹೇಳಿ, ಕೊನೆಗೆ ಪ್ರಶ್ನೆ ಕೇಳಿದೆ.

"ಮನೆಗೇನಾಯಿತು? ಮನೆ ಚೆನ್ನಾಗಿದೆ ಅಂದೆನಲ್ಲ" ಎಂದಳು ಡೋರೀನ್. ಕಲ್ಲು ಎತ್ತುವಾಗ ಹಾಕಿಕೊಂಡಿದ್ದ ಕೈಗವಸು ತೆಗೆಯುತ್ತ ಹಾಕುತ್ತ ನಿಂತಳು. "ಗಣಿ ಮುಚ್ಚುತ್ತದೆ ಅಂದರು. ಎಲ್ಲಿ ಕೆಲಸ ಸಿಕ್ಕಿತೋ ಅಲ್ಲಿಗೆ ಜನ ಹೊರಟರು. ಎಲ್ಲರೂ ಒಟ್ಟಿಗೆ ಹೋಗಲಿಲ್ಲ. ಈ ವಾರ ಒಂದು ಮನೆ, ಮುಂದಿನ ವಾರ ಎರಡು. ಒಂದೊಂದೇ ಸ್ಟಾಪು ಖಾಲಿಯಾಗುತ್ತ ಬಂತು. ಯಾರೂ ಇಲ್ಲದ ಸ್ಟಾಪಿನಲ್ಲೂ ನಾನು ಬಸ್ಸು ನಿಲ್ಲಿಸುತ್ತಿದ್ದೆ, ಅಭ್ಯಾಸ. ಕೊನೆಯ ವಾರ ಇಬ್ಬರೇ ಮಕ್ಕಳು ಇದ್ದರು. ಇಡೀ ಬಸ್ಸು ಖಾಲಿ, ಅವರಿಬ್ಬರೂ ಒಂದೇ ಸೀಟಿನಲ್ಲಿ ಅಂಟಿಕೊಂಡು ಕೂರುತ್ತಿದ್ದರು."

"ಈಗಲೂ ಎಲ್ಲರಿಗೂ ಕಾಗದ ಬರೆಯುತ್ತೇನೆ, ಅವರೂ ಬರೆಯುತ್ತಾರೆ" ಎಂದಳು. "ನಮಗೆ ಎರಡನೆಯ ದಾರಿ ಯಾರೂ ಕೊಡಲಿಲ್ಲ, ನಿಮ್ಮವರಿಗೆ ಕೊಟ್ಟಿದ್ದಾರೆ. ಬಯಲಿನಲ್ಲಿ ಗುಡಾರ ಹಾಕಿಕೊಟ್ಟಿದ್ದರೂ ನಾನು ಎಲ್ಲರ ಜೊತೆ ಹೋಗುತ್ತಿದ್ದೆ."

ನಾನು ಅದನ್ನು ಒಂದು ಮಾತೂ ಬಿಡದೆ ನಾಮದೇವನಿಗೆ ಹೇಳಿದೆ. ಅವನು ತಲೆಯಾಡಿಸಿ, ಮರಗಳ ಸಾಲಿನ ಆ ತುದಿಯ ತನಕ ಒಬ್ಬನೇ ನಡೆದು ಹೋಗಿ ಬಂದ.

ಡೋರೀನಳ ಮನೆ

ಅವಳ ಮನೆ ಹೆದ್ದಾರಿಯ ಬದಿಗೆ, ಒಂದೇ ಕೋಣೆಯದು. ಮಾಳಿಗೆಯ ಮೇಲೆ ತಾಟಿನಂಥ ಒಂದು ಡಿಶ್, ಅದರಿಂದ ಇಂಟರ್‌ನೆಟ್. ಚಹಾ ಮಾಡಿದಳು. ಚಹಾ ಎಂದರೆ ಬಿಸಿನೀರಿನಲ್ಲಿ ದಾರ ಕಟ್ಟಿದ ಪುಟ್ಟ ಚೀಲ. ನಾಮದೇವ ಸಹಿಸಲಾರದೆ ಎದ್ದು, ಅವಳ ಅನುಮತಿ ಪಡೆದು, ಹಾಲು, ಸಕ್ಕರೆ, ಆರು ಚೀಲ ಹರಿದು ಸುರಿದು, ಪಾತ್ರೆಯಲ್ಲಿ ಉಕ್ಕಿಸಿ ಕೊಟ್ಟ. ಅವಳು ಒಂದು ಗುಟುಕು ಕುಡಿದು, ಇದು ಚಹಾ ಅಲ್ಲ, ಊಟ ಎಂದಳು. ಆದರೂ ಮತ್ತೊಂದು ಲೋಟ ತೆಗೆದುಕೊಂಡಳು. ಉಳಿದಿದ್ದ ಚೂಡಾ ತಟ್ಟೆಗೆ ಹಾಕಿದೆವು. ಅವಳು ಅದರೊಳಗಿನ ಮೆಣಸಿನಕಾಯಿಯನ್ನು ಬೀನ್ಸ್ ಎಂದು ತಿಳಿದು ಕಚ್ಚಿದಳು. ಆಮೇಲೆ ಹತ್ತು ನಿಮಿಷ ಮೇಯರ್ ಬಾಯಿಂದ ಮಾತು ಹೊರಡಲಿಲ್ಲ.

ಅಲ್ಲಿ ಸಂಜೆ ಆರೂವರೆ. ಊರಿನಲ್ಲಿ ಭಾನುವಾರ ಬೆಳಗಿನ ಏಳು. ಬೆಳಗ್ಗೆ ದನ ಬಿಡುವ ಹೊತ್ತಿಗೆ ಪರಶುರಾಮ ಊರ ಹಿಂದಿನ ದಿಬ್ಬ ಹತ್ತುತ್ತಾನೆ, ಕರಂಜವಾಡಿಯಲ್ಲಿ ಫೋನು ಹಿಡಿಯುವುದು ಅಲ್ಲಿ ಮಾತ್ರ. ನಾಮದೇವ ಅಣ್ಣನಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ ಮೇಜಿನ ಮೇಲೆ ಇಟ್ಟ. ಅವರು ಮಾತಾಡಿದ್ದು ಮರಾಠಿಯಲ್ಲಿ. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಏನೂ ಸೇರಿಸಿಲ್ಲ.

ಕ್ಷೇಮ ಸಮಾಚಾರ ಆಯಿತು. ಮಳೆ ಹಿಡಿದಿದೆಯಂತೆ. ಅತ್ತಿಗೆಯ ಮೊಣಕಾಲು ಹಾಗೇ ಇದೆಯಂತೆ. ಆಮೇಲೆ ನಾಮದೇವ ಕುರ್ಚಿಯ ತುದಿಗೆ ಸರಿದ.

"ದಾದಾ, ನಾ ವಿಚಾರ ಮಾಡೇನಿ. ಒಬ್ಬೊಬ್ಬರ ಹೋಗೂದು ಬ್ಯಾಡ. ಹದಿನೇಳೂ ಮನಿ ಕೂಡೇ, ಒಂದ ಕಡೆ ಹೋಗೂಣು."

ಆ ಕಡೆಯಿಂದ ಗಾಳಿಯ ಸದ್ದು, ಒಂದು ದನದ ಗಂಟೆ. ಫೋನು ಕಟ್ಟಾಯಿತೇನೋ ಎಂದುಕೊಂಡೆ. ಆಮೇಲೆ ಪರಶುರಾಮನ ದನಿ ಬಂತು, ಸಾವಕಾಶವಾಗಿ.

"ಇಲ್ಲಿ ಗಾಳಿ ಭಾಳ ಐತಿ, ಸರಿ ಕೇಳಸಲಿಲ್ಲ. 'ಹೋಗ್ರಿ' ಅಂದಿಯೋ, 'ಹೋಗೂಣು' ಅಂದಿಯೋ?"

ಮರಾಠಿಯಲ್ಲೂ ಅವು ಎರಡು ಬೇರೆ ಮಾತು. ಅವನಿಗೆ ಕೇಳಿಸಿರಲಿಲ್ಲ ಎಂದು ನಾನು ನಂಬುವುದಿಲ್ಲ. ಆ ಊರಿನಿಂದ ಮೊಟ್ಟಮೊದಲು ಗಂಟು ಕಟ್ಟಿಕೊಂಡು ಹೊರಟವನು ಈ ನಾಮದೇವನೇ, ಮೂವತ್ತು ವರ್ಷಕ್ಕೂ ಹಿಂದೆ. ಅದನ್ನು ಅಣ್ಣ ಇಷ್ಟು ವರ್ಷ ಬಾಯಿ ಬಿಟ್ಟು ಆಡಿರಲಿಲ್ಲ.

ನಾಮದೇವ ಫೋನು ನೋಡಿದ. ಆಮೇಲೆ ನನ್ನನ್ನು ನೋಡಿದ. ಬೆಳಗಿನಿಂದ ಅವನ ಬಾಯಿಯ ಮಾತನ್ನೆಲ್ಲ ನಾನೇ ಆಡಿದ್ದೆ. ಈಗ ನಾನು ಚಹಾದ ಲೋಟ ನೋಡುತ್ತ ಕೂತೆ. ಪೀರನವಾಡಿಯ ನಮ್ಮ ನಡುಗೋಡೆ ನೆನಪಾಗಿ, ಬೇಡ ಎನ್ನಬೇಕೆಂದು ನನಗೆ ಎಷ್ಟು ಅನ್ನಿಸಿತು ಎಂದರೆ, ನಾಲಿಗೆ ಕಚ್ಚಿ ಹಿಡಿಯಬೇಕಾಯಿತು.

"ಹೋಗೂಣು ಅಂದೆ, ದಾದಾ" ಎಂದ ನಾಮದೇವ. "ನಮ್ಮದೂ ಒಂದು ಮನಿ ಹಿಡಿ. ಹದಿನೆಂಟು ಆಗ್ತಾವು."

ಪರಶುರಾಮ ಯಾವುದೋ ದನವನ್ನು ಗದರಿಸಿ, "ಬರೋಬ್ಬರಿ ಉಣ್ಣು ಅಲ್ಲಿ" ಎಂದು ಫೋನು ಇಟ್ಟ.

ಮಾತು ತಿಳಿಯದಿದ್ದರೂ ಏನೋ ಆಯಿತೆಂದು ಡೋರೀನಳಿಗೆ ಗೊತ್ತಾಗಿತ್ತು. ಅವನು ಏನಂದ ಎಂದು ನನ್ನನ್ನು ಕೇಳಿದಳು. ಹೇಳುವುದು ಸುಲಭವಿತ್ತು, ಅಷ್ಟು ಇಂಗ್ಲಿಷು ನನಗೆ ಬರುತ್ತದೆ. ಆದರೆ ಮೊದಲು ಲೋಟದಲ್ಲಿ ಉಳಿದಿದ್ದ ತಣ್ಣಗಿನ ಚಹಾ ಕುಡಿದು ಮುಗಿಸಿದೆ.

"ನನ್ನ ನೆರೆಮನೆಯವನು ಮನೆ ಬಿಡುತ್ತಿದ್ದಾನೆ" ಎಂದೆ.